ಲೈನ್ ಹಾಕಿದ ಮೇಲೆ

ಮೇಜಿನ ಮೇಲೆ ಮಲಗಿರುವುದು ಅರ್ಧ ಮನುಷ್ಯ. ತಲೆ ಎಡಕ್ಕೆ ಹೊರಳಿದೆ, ಕುತ್ತಿಗೆಯ ಬಲಭಾಗ ದೀಪಕ್ಕೆ ಒಡ್ಡಿಕೊಂಡಿದೆ, ಎದೆಯಿಂದ ಕೆಳಗೆ ಏನೂ ಇಲ್ಲ. ಚರ್ಮದ ಬಣ್ಣದ ರಬ್ಬರಿನ ತುಂಬ ಸೂಜಿ ಚುಚ್ಚಿದ ಗುರುತು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಅಲ್ಲಿ ಬಣ್ಣವೇ ಹೋಗಿಬಿಟ್ಟಿದೆ. ಒಳಗೆ ಅಕ್ಕಪಕ್ಕ ಎರಡು ರಬ್ಬರ್ ಕೊಳವೆ. ಒಂದರಲ್ಲಿ ನೀಲಿ ನೀರು, ಇನ್ನೊಂದರಲ್ಲಿ ಕೆಂಪು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತ ಟೆಕ್ನಿಷಿಯನ್ ಕೈಯಲ್ಲೊಂದು ರಬ್ಬರ್ ಬಲ್ಬ್. ಅವರು ಅದನ್ನು ಹಿಚುಕಿ ಬಿಟ್ಟಂತೆಲ್ಲ ಕೆಂಪು ಕೊಳವೆ ಮಿಡಿಯುತ್ತದೆ. ಸಿರಿಂಜಿಗೆ ನೀಲಿ ಬಂದರೆ ಸರಿ. ಕೆಂಪು ಬಂತೆಂದರೆ, ಇದು ನಿಜವಾದ ಕುತ್ತಿಗೆಯಾಗಿದ್ದರೆ, ಮೆದುಳಿಗೆ ರಕ್ತ ಒಯ್ಯುವ ಅಪಧಮನಿಗೆ ಸೂಜಿ ಹೊಕ್ಕಂತೆ.

ಇದು ನಮ್ಮ ರಾಜ್ಯದ ಒಂದು ವೈದ್ಯಕೀಯ ಕಾಲೇಜಿನ ಸ್ಕಿಲ್ ಲ್ಯಾಬ್. ವೈದ್ಯ ಶಿಕ್ಷಣದ 2019ರ ನಿಯಮಾವಳಿ ಇಂಥದೊಂದು ಕೋಣೆಯನ್ನು ಪ್ರತಿ ಕಾಲೇಜಿಗೂ ಕಡ್ಡಾಯ ಮಾಡಿತು. ಗೋಡೆಯುದ್ದಕ್ಕೂ ಇಂಜೆಕ್ಷನ್ ಕಲಿಯುವ ಪ್ಲಾಸ್ಟಿಕ್ ತೋಳುಗಳು, ಹೆರಿಗೆ ಮಾಡಿಸುವುದನ್ನು ಕಲಿಸುವ ಗೊಂಬೆ, ನಿಂತ ಹೃದಯವನ್ನು ಒತ್ತಿ ನಡೆಸುವುದನ್ನು ಕಲಿಸುವ ಇನ್ನೊಂದು ಗೊಂಬೆ. ಇವತ್ತಿನ ಪಾಠ ಸೆಂಟ್ರಲ್ ಲೈನ್. ಅರಿವಳಿಕೆ, ಮೆಡಿಸಿನ್, ಸರ್ಜರಿ, ಎಮರ್ಜೆನ್ಸಿ ವಿಭಾಗಗಳ ಮೊದಲ ವರ್ಷದ ಪಿಜಿಗಳು, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳು, ದೊಡ್ಡ ಮೇಜಿನ ಸುತ್ತ ನಿಂತಿದ್ದಾರೆ. ಕಿಟಕಿಯ ಪಕ್ಕದ ಚಿಕ್ಕ ಮೇಜಿನ ಬಳಿ ಐಸಿಯುನ ನಾಲ್ವರು ಸಿಸ್ಟರುಗಳು. ಅವರಲ್ಲಿಬ್ಬರು ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ನೇರ ಇಲ್ಲಿಗೆ ಬಂದವರು. ಕ್ಯಾಮೆರಾ, ಅಲ್ಟ್ರಾಸೌಂಡ್ ಯಂತ್ರ, ದೊಡ್ಡ ಟಿವಿ ಪರದೆ ಎಲ್ಲವೂ ಪಿಜಿಗಳ ಮೇಜಿಗೆ. ನೋಡಲು ಬಂದವರೂ ಅಲ್ಲೇ ನಿಲ್ಲುತ್ತಾರೆ, ನಾನೂ ಮೊದಲು ಅಲ್ಲೇ ನಿಂತೆ. ನಡು ಹಗಲಿನ ಹೊತ್ತಿಗೆ ನನ್ನ ಕುರ್ಚಿ ಕಿಟಕಿಯ ಕಡೆಗೆ ಸರಿದಿತ್ತು. ಅದರ ಕಾರಣ ಮುಂದೆ ಹೇಳುತ್ತೇನೆ.

ಐಸಿಯು ಬಾಗಿಲಾಚೆ ಚಾಪೆ ಹಾಸಿ ಕೂತವರನ್ನು ಕರೆದು ‘ಕುತ್ತಿಗೆಗೆ ಒಂದು ಲೈನ್ ಹಾಕಬೇಕು, ಸಹಿ ಮಾಡಿ’ ಎಂದಾಗ ಬರುವ ಮೊದಲ ಮಾತು, ‘ಕೈಯಲ್ಲಿ ಆಗಲೇ ಸೂಜಿ ಇದೆಯಲ್ಲ ಸಾರ್?’ ಇರುತ್ತದೆ, ನಿಜ. ಆದರೆ ಕುಸಿದ ರಕ್ತದೊತ್ತಡವನ್ನು ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್‌ನಂಥ ಔಷಧ ಕೈಯ ಸಣ್ಣ ನಾಳದಿಂದ ಆಚೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಕಪ್ಪಾಗಿ ಸಾಯಬಹುದು. ಗಾಢವಾದ ಪೊಟ್ಯಾಶಿಯಂ, ಕೆಲವು ಕ್ಯಾನ್ಸರ್ ಔಷಧಗಳು, ಕರುಳಿಗೆ ವಿಶ್ರಾಂತಿ ಕೊಟ್ಟು ರಕ್ತದ ಮೂಲಕವೇ ಉಣಿಸುವ ಪೂರ್ಣ ಆಹಾರ, ಇವಕ್ಕೆಲ್ಲ ರಕ್ತ ರಭಸದಿಂದ ಹರಿಯುವ ದೊಡ್ಡ ಅಭಿಧಮನಿಯೇ ಬೇಕು. ಹಾಗಾಗಿ ಕುತ್ತಿಗೆಯಲ್ಲೋ ಕೊರಳೆಲುಬಿನ ಕೆಳಗೋ ತೊಡೆಯ ಸಂದಿಯಲ್ಲೋ ಚುಚ್ಚಿ, ಎರಡು ಮಿಲಿಮೀಟರಿಗಿಂತ ತುಸು ದಪ್ಪದ ಮೆದು ನಳಿಕೆಯನ್ನು ಒಳಗೆ ತೂರಿಸುತ್ತಾರೆ. ಕುತ್ತಿಗೆಯಿಂದ ಹೋದದ್ದಾದರೆ ಅದರ ತುದಿ ಹೃದಯದ ಬಾಗಿಲಲ್ಲಿ ನಿಲ್ಲುತ್ತದೆ. ಹೊರಗೆ ಉಳಿಯುವುದು ಮೂರು ಬಾಲ, ಮೂರಕ್ಕೂ ಬೇರೆ ಬೇರೆ ಬಣ್ಣದ ತುದಿ.

ಇದನ್ನು ಮನೆಯವರಿಗೆ ಅರ್ಥವಾಗುವಂತೆ ಹೇಳುವುದೂ ಪಾಠದ ಭಾಗ. ಅರಿವಳಿಕೆ ವಿಭಾಗದ ಮೇಡಂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ರೋಗಿಯ ತಾಯಿಯಾಗುತ್ತಾರೆ. ಎದುರಿಗಿದ್ದ ಹುಡುಗ ಬೇರೆ ರಾಜ್ಯದಿಂದ ಬಂದವನು. ಇಲ್ಲಿಗೆ ಬಂದ ಮೇಲೆ ಕಲಿತ ಕನ್ನಡದಲ್ಲಿ, ‘ಅಮ್ಮ, ಔಷಧಿ ಜೋರು ಇದೆ, ಕೈ ತಡ್ಕೊಳ್ಳಲ್ಲ’ ಎನ್ನುತ್ತಾನೆ. ‘ಜೀವಕ್ಕೇನಾದ್ರೂ ಆಗ್ತದಾ?’ ಎಂದು ಮೇಡಂ ಕೇಳುತ್ತಾರೆ. ಅವನು ತಡವರಿಸಿದ. ರಕ್ತಸ್ರಾವ, ಶ್ವಾಸಕೋಶಕ್ಕೆ ಸೂಜಿ ತಾಗುವ ಸಂಭವ, ಸೋಂಕು, ಇವನ್ನು ಹೆದರಿಸದೆಯೂ ಮುಚ್ಚಿಡದೆಯೂ ಹೇಳಬೇಕು. ಹೇಳಿ ಮುಗಿಸುವವರೆಗೂ ಮೇಡಂ ಸೆರಗು ತೆಗೆಯಲಿಲ್ಲ.

ಈಗ ದೊಡ್ಡ ಮೇಜು. ಮೆಡಿಸಿನ್ ವಿಭಾಗದ ಒಬ್ಬ ಹುಡುಗಿಯ ಸರದಿ. ಮೊಣಕೈವರೆಗೆ ಕೈ ತೊಳೆದು, ಟೋಪಿ, ಮಾಸ್ಕ್, ಗೌನು, ಗ್ಲೌಸು ಹಾಕಿಕೊಂಡಾಯಿತು. ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ರಬ್ಬರ್ ಕುತ್ತಿಗೆಯನ್ನು ಮೂವತ್ತು ಸೆಕೆಂಡು ಹಿಂದೆ ಮುಂದೆ ಉಜ್ಜಿ, ತಾನಾಗಿ ಒಣಗುವವರೆಗೆ ಕಾಯಬೇಕು. ‘ಬಟ್ಟೆಯಿಂದ ಒರೆಸಿದೆಯೋ, ಮತ್ತೆ ಶುರು ಮಾಡು’ ಎನ್ನುತ್ತಾರೆ ಮೇಡಂ. ಒಣಗಲು ಕಾಯುವ ಆ ಹೊತ್ತು ಕೋಣೆಯಲ್ಲಿ ಯಾರಿಗೂ ಸಹಿಸಲಾಗದು. ಒಬ್ಬ ಕಾಲು ಬದಲಿಸುತ್ತಾನೆ, ಇನ್ನೊಬ್ಬ ಗಡಿಯಾರ ನೋಡುತ್ತಾನೆ. ಆಮೇಲೆ ತಲೆಯಿಂದ ಕಾಲವರೆಗೆ ಮುಚ್ಚುವ ದೊಡ್ಡ ಹಸಿರು ಹೊದಿಕೆ. ಅರ್ಧ ಮನುಷ್ಯನಿಗೂ ಪೂರ್ತಿ ಹೊದಿಕೆಯೇ. ಕಾಲಿಲ್ಲದ ಕಡೆ ಬಟ್ಟೆ ಮೇಜಿನ ಮೇಲೆ ಚಪ್ಪಟೆಯಾಗಿ ಬೀಳುತ್ತದೆ, ಆದರೂ ಚಿಕ್ಕದು ಸಾಕು ಎನ್ನುವಂತಿಲ್ಲ. ಇಲ್ಲಿ ಕೈಗೆ ಹತ್ತಿದ ಅಭ್ಯಾಸವೇ ಮೇಲಿನ ಮಹಡಿಯ ಐಸಿಯುಗೂ ಹೋಗುತ್ತದೆ.

ಅಲ್ಟ್ರಾಸೌಂಡ್ ಪರದೆಯ ಮೇಲೆ ಎರಡು ಕಪ್ಪು ವೃತ್ತ. ಹುಡುಗಿ ಪ್ರೋಬನ್ನು ಮೆಲ್ಲಗೆ ಒತ್ತುತ್ತಾಳೆ. ಒಂದು ವೃತ್ತ ಅಪ್ಪಚ್ಚಿಯಾಗಿ ಮಾಯವಾಗುತ್ತದೆ, ಇನ್ನೊಂದು ದುಂಡಗೆ ಹಾಗೇ ನಿಂತು ಮಿಡಿಯುತ್ತದೆ. ಅಪ್ಪಚ್ಚಿಯಾದದ್ದು ಅಭಿಧಮನಿ, ಆಕೆಗೆ ಬೇಕಾದದ್ದು. ಯಂತ್ರ ಬರುವ ಮುಂಚಿನ ತಲೆಮಾರು ಕುತ್ತಿಗೆಯ ಸ್ನಾಯುವಿನ ಎರಡು ಕವಲುಗಳ ನಡುವಿನ ತ್ರಿಕೋನವನ್ನು ಬೆರಳಿನಿಂದ ತಡಕಿ, ಅದೇ ಬದಿಯ ಮೊಲೆತೊಟ್ಟಿನ ದಿಕ್ಕಿಗೆ ಸೂಜಿ ಹಾಯಿಸುತ್ತಿತ್ತು. ಬ್ರಿಟನ್ನಿನ ನೈಸ್ ಸಂಸ್ಥೆ 2002ರಲ್ಲೇ ಅಲ್ಟ್ರಾಸೌಂಡ್ ಬಳಸಬೇಕೆಂದು ಹೇಳಿತು. ತಾಲೂಕು ಆಸ್ಪತ್ರೆಯಲ್ಲಿ ಯಂತ್ರ ಬಿಡುವಾಗಿ ಸಿಕ್ಕೀತೆಂಬ ಭರವಸೆ ಇಲ್ಲದ್ದರಿಂದ ಮೇಡಂ ತ್ರಿಕೋನವನ್ನೂ ಕಲಿಸುತ್ತಾರೆ. ಅದು ಸರಿಯೆಂದೇ ನನಗೆ ಅನಿಸಿತು. ಬೆರಳಿಗೆ ಗೊತ್ತಿರುವ ಜಾಗವನ್ನು ಕಣ್ಣು ಪರದೆಯ ಮೇಲೆ ಬೇಗ ಹುಡುಕುತ್ತದೆ.

ಸೂಜಿ ಒಳಗೆ ಹೋಯಿತು. ಸಿರಿಂಜು ಎಳೆಯುತ್ತಲೇ ಮುಂದೊತ್ತಬೇಕು. ನೀಲಿ ಬಂತು. ಎಡಗೈ ಸೂಜಿಯನ್ನು ಅಲುಗದಂತೆ ಹಿಡಿದಿದೆ. ಬಲಗೈ ಸಿರಿಂಜು ಬಿಚ್ಚಿ, ಸೂಜಿಯ ರಂಧ್ರದೊಳಗೆ ತಂತಿ ತೂರಿಸುತ್ತದೆ. ಸುಮಾರು 60 ಸೆಂ.ಮೀ. ಉದ್ದದ, ನಾಳದ ಗೋಡೆ ಗೀರದಂತೆ ತುದಿ ಬಾಗಿಸಿದ ಆ ತಂತಿಗೆ ಇಲ್ಲಿ ಎಲ್ಲರೂ ‘ವೈರ್’ ಎನ್ನುತ್ತಾರೆ. ಅಲ್ಲಿಂದ ಮುಂದೆ ಮೇಡಂ ಬಾಯಲ್ಲಿ ಒಂದೇ ಪ್ರಶ್ನೆ: ‘ವೈರ್ ಯಾರ ಕೈಲಿದೆ?’ ಸೂಜಿ ಹೊರತೆಗೆಯುವಾಗ ಕೇಳುತ್ತಾರೆ. ಬ್ಲೇಡಿನ ತುದಿಯಿಂದ ಚರ್ಮ ತುಸು ಅಗಲಿಸುವಾಗ, ದಾರಿ ಹಿಗ್ಗಿಸುವ ಡೈಲೇಟರ್ ಹಾಕುವಾಗ, ಕೊನೆಗೆ ನಳಿಕೆಯನ್ನು ವೈರಿನ ಮೇಲೆ ಜಾರಿಸುವಾಗಲೂ ಕೇಳುತ್ತಾರೆ. ಉತ್ತರ ಪ್ರತಿ ಸಲವೂ ‘ನನ್ನ ಕೈಲಿದೆ ಮೇಡಂ’ ಎಂದೇ ಬರಬೇಕು. ವೈರನ್ನು ಬಿಟ್ಟರೆ ಅದು ಪೂರ್ತಿ ಒಳಗೆ ಸೇರಿಬಿಡಬಹುದು. ಇಂಗ್ಲೆಂಡಿನ ಆರೋಗ್ಯ ಸೇವೆ ಇದನ್ನು ಎಂದೆಂದಿಗೂ ಆಗಕೂಡದ ಪ್ರಮಾದಗಳ ಸಾಲಿನಲ್ಲಿ ಇಟ್ಟಿದೆ. ತೀರ ಒಳಗೆ ತಳ್ಳಿದರೂ ಕಷ್ಟವೇ. ವೈರ್ ಹೃದಯದ ಒಳಗೋಡೆಗೆ ತಾಗಿದರೆ ಮಾನಿಟರಿನ ಮೇಲೆ ಮಿಡಿತ ತಪ್ಪುತ್ತದೆ, ಕೂಡಲೇ ಹಿಂದಕ್ಕೆಳೆಯಬೇಕು. ಗೊಂಬೆಗೆ ಆ ಹೃದಯವಿಲ್ಲ; ಹಾಗಾಗಿ ಮೇಡಂ ಬಾಯಲ್ಲೇ ‘ಟಿಕ್, ಟಿಕ್, ಟಿಟಿಕ್’ ಎನ್ನುತ್ತಾರೆ, ಹುಡುಗಿ ಎಳೆಯುತ್ತಾಳೆ.

ಸೂಜಿಯ ದಾರಿಯಲ್ಲಿ ವೈರ್, ವೈರಿನ ಮೇಲೆ ನಳಿಕೆ ಎಂಬ ಈ ಸರಳ ಉಪಾಯ ಸ್ವೀಡನ್ನಿನ ಸ್ವೆನ್ ಐವಾರ್ ಸೆಲ್ಡಿಂಗರ್ ಅವರದು. ಕ್ಯಾರೊಲಿನ್‌ಸ್ಕಾದಲ್ಲಿದ್ದ ಈ ರೇಡಿಯಾಲಜಿಸ್ಟ್ ಅಪಧಮನಿಗಳ ಎಕ್ಸ್-ರೇ ಚಿತ್ರ ತೆಗೆಯಲೆಂದು ಹುಡುಕಿ, 1953ರಲ್ಲಿ ಪ್ರಕಟಿಸಿದ್ದು ಅದು. ಅವರಿಗಿಂತಲೂ ಹಿಂದೆ, 1929ರ ಬೇಸಗೆಯಲ್ಲಿ, ಜರ್ಮನಿಯ ಎಬರ್ಸ್‌ವಾಲ್ಡೆಯ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನದೇ ತೋಳಿನ ನಾಳದೊಳಗೆ 65 ಸೆಂ.ಮೀ. ನಳಿಕೆ ತೂರಿಸಿಕೊಂಡು, ಹಾಗೇ ನಡೆದು ಹೋಗಿ ಎಕ್ಸ್-ರೇ ತೆಗೆಸಿಕೊಂಡ. ನಳಿಕೆಯ ತುದಿ ಹೃದಯದಲ್ಲಿತ್ತು. 1956ರಲ್ಲಿ ಅವನಿಗೆ ನೊಬೆಲ್ ಬಂತು. ಈ ಕಥೆ ಹೇಳುವವರು ಗೆರ್ಡಾ ಡಿಟ್ಜೆನ್ ಎಂಬ ನರ್ಸಿನ ಹೆಸರನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಉಪಕರಣಗಳ ಬೀಗದ ಕೈ ಇದ್ದದ್ದು ಆಕೆಯ ಬಳಿ. ಪ್ರಯೋಗ ತನ್ನ ಮೇಲೆಯೇ ನಡೆಯಲಿ ಎಂದು ಆಕೆ ಮುಂದಾದಳು. ಅವನು ಒಪ್ಪಿದಂತೆ ನಟಿಸಿ, ಆಕೆಯನ್ನು ಮೇಜಿಗೆ ಕಟ್ಟಿಹಾಕಿ, ಸೂಜಿಯನ್ನು ತನ್ನ ತೋಳಿಗೇ ಹಾಕಿಕೊಂಡ. ಸಂಗತಿ ತಿಳಿದ ಮೇಲೂ ಎಕ್ಸ್-ರೇ ಕೋಣೆಯವರೆಗೆ ಜೊತೆ ನಡೆದವಳು ಆಕೆಯೇ.

ನಮ್ಮಲ್ಲಿ ಈಗಲೂ ಅನೇಕ ವೈದ್ಯರು ಮೊದಲ ಲೈನ್ ಹಾಕುವುದು ಜೀವಂತ ಮನುಷ್ಯನ ಮೇಲೆಯೇ. ನಡುರಾತ್ರಿ ಸೀನಿಯರ್, ‘ನಾನು ಪಕ್ಕದಲ್ಲೇ ಇರ್ತೀನಿ, ನೀನು ಹಾಕು’ ಎನ್ನುತ್ತಾನೆ. ಒಂದು ನೋಡು, ಒಂದು ಮಾಡು, ಮೂರನೆಯದನ್ನು ಇನ್ನೊಬ್ಬನಿಗೆ ಕಲಿಸು ಎಂಬ ಪದ್ಧತಿ ಅದು. ಅದರಲ್ಲಿ ಪಳಗಿದ ಕೈಗಳು ಸಾವಿರಾರು ಜೀವ ಉಳಿಸಿವೆ. ಆದರೆ ಕಲಿಯುವವನ ಮೊದಲ ತಪ್ಪುಗಳ ಬೆಲೆ ತೆರುವುದು ಪ್ರಜ್ಞೆಯಿಲ್ಲದೆ ಮಲಗಿದ ರೋಗಿ. ಅದೂ ಹೆಚ್ಚಿನಂಶ ಬೋಧನಾ ಆಸ್ಪತ್ರೆಗೆ ಬರುವ ಬಡವ. ಗೊಂಬೆ ದುಬಾರಿ ಎನ್ನುವವರ ಮುಂದೆ ನಾನು ಈ ಮಾತು ಆಡಬಯಸುತ್ತೇನೆ.

ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಬಾರ್ಸುಕ್ ಮತ್ತು ಸಂಗಡಿಗರು ಈ ಪದ್ಧತಿಯನ್ನು ತಿರುವಿಹಾಕಿದರು. ಅವರಲ್ಲಿ ಕಲಿಕೆಗೆ ಗಂಟೆಯ ಲೆಕ್ಕವಿಲ್ಲ, ಮಟ್ಟದ ಲೆಕ್ಕವಿದೆ. 27 ಹೆಜ್ಜೆಗಳ ಪಟ್ಟಿ ಹಿಡಿದು ಪರೀಕ್ಷೆ. ಗೊತ್ತುಮಾಡಿದ ಅಂಕ ಬರುವವರೆಗೂ ಗೊಂಬೆಯ ಮೇಲೇ ಅಭ್ಯಾಸ, ಬಂದ ಮೇಲೆಯೇ ರೋಗಿಯ ಬಳಿಗೆ. 2009ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿತ್ತು: ತರಬೇತಿಗೆ ಮುಂಚೆ ಅವರ ಐಸಿಯುನಲ್ಲಿ ಸಾವಿರ ಲೈನ್-ದಿನಗಳಿಗೆ 3.20 ರಕ್ತದ ಸೋಂಕು. ತರಬೇತಾದವರು ಬಂದ ಮೇಲೆ 0.50. ಹತ್ತು ರೋಗಿಗಳಿಗೆ ಒಂದು ದಿನ ಲೈನ್ ಇದ್ದರೆ ಹತ್ತು ಲೈನ್-ದಿನ, ಲೆಕ್ಕದ ರೀತಿ ಅದು. ಮರುವರ್ಷದ ಇನ್ನೊಂದು ಲೇಖನ ಖರ್ಚಿನ ವಿಚಾರ ನೋಡಿತು. ತರಬೇತಿಗೆ ಹಾಕಿದ ಪ್ರತಿ ಡಾಲರಿಗೆ ಏಳು ಡಾಲರ್ ಉಳಿದಿತ್ತು. ಮುಂದೆ ಅವರು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿದ್ದ ಹಿರಿಯ ವೈದ್ಯರನ್ನೇ ಗೊಂಬೆಯ ಮುಂದೆ ನಿಲ್ಲಿಸಿದಾಗ, ಕುತ್ತಿಗೆಯ ಲೈನ್ ಹಾಕುವುದರಲ್ಲಿ ನಾಲ್ಕರಲ್ಲೊಂದು ಪಾಲು ಮಂದಿಯೂ ತೇರ್ಗಡೆಯಾಗಲಿಲ್ಲ. ವರ್ಷಗಳ ಅಭ್ಯಾಸ ಕೈಗೆ ಧೈರ್ಯ ಕೊಟ್ಟಿತ್ತು, ಹೆಜ್ಜೆಗಳನ್ನು ಮರೆಸಿತ್ತು.

ದೊಡ್ಡ ಮೇಜಿನಲ್ಲಿ ಹುಡುಗಿ ಮೂರು ಬಾಲಗಳಿಂದಲೂ ನೀಲಿ ಎಳೆದು ತೋರಿಸಿ, ಸಲೈನ್ ಹಾಯಿಸಿ, ಹೊಲಿಗೆ ಹಾಕಿದಳು. ಚಪ್ಪಾಳೆ ಬಿತ್ತು. ಎದೆಯ ಎಕ್ಸ್-ರೇಯಲ್ಲಿ ತುದಿ ಎಲ್ಲಿದೆ, ಶ್ವಾಸಕೋಶ ಕುಸಿದಿಲ್ಲವೇ ಎಂದು ನೋಡುವುದೊಂದು ಬಾಕಿ. ಕೆಲಸ ಮುಗಿಯಿತು ಎಂಬಂತೆ ಎಲ್ಲರೂ ಚಹಾಕ್ಕೆ ಹೊರಟರು. ಆಗ ನಾನು ಕುರ್ಚಿ ಸರಿಸಿಕೊಂಡೆ.

ಲೈನ್ ಹಾಕಲು ಹಿಡಿಯುವುದು ಅರ್ಧ ಗಂಟೆ. ಅದು ಮೈಯಲ್ಲಿರುವುದು ಐದೋ ಹತ್ತೋ ದಿನ. ಆ ದಿನಗಳಲ್ಲಿ ಮೂರು ಬಾಲಗಳ ತುದಿಗಳನ್ನು ಹಗಲಿರುಳು ಮುಟ್ಟುವವರು ಸಿಸ್ಟರುಗಳು: ಆಂಟಿಬಯಾಟಿಕ್ ಕೊಡಲು, ರಕ್ತ ತೆಗೆಯಲು, ಖಾಲಿ ಬಾಟಲಿ ಬದಲಿಸಲು. ಪ್ರತಿ ಮುಟ್ಟುವಿಕೆಯೂ ಹೊರಗಿನ ಜಗತ್ತಿಗೆ ಒಂದು ಬಾಗಿಲು ತೆರೆದಂತೆ, ಆ ಬಾಗಿಲಿನಾಚೆ ನೇರ ಹೃದಯ. ಭಾರತದ ಏಳು ನಗರಗಳ 12 ಐಸಿಯುಗಳನ್ನು ನೋಡಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿರ ಲೈನ್-ದಿನಕ್ಕೆ 7.92 ಸೋಂಕುಗಳಿದ್ದವು. ನಮ್ಮ ಐಸಿಯುಗಳಲ್ಲಿ ಹೀಗೆ ರಕ್ತ ಸೇರುವ ರೋಗಾಣುಗಳಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥವು ಬಹಳ. ಎಷ್ಟೋ ಔಷಧಗಳಿಗೆ ಅವು ಜಗ್ಗುವುದೇ ಇಲ್ಲ. ನ್ಯುಮೋನಿಯಾಕ್ಕೆಂದು ಬಂದು, ಅದು ವಾಸಿಯಾಗಿ, ಲೈನಿನ ಸೋಂಕಿಗೆ ಜೀವ ಬಿಟ್ಟ ರೋಗಿಯ ಮನೆಯವರಿಗೆ ಏನೆಂದು ಹೇಳುವುದು?

ಚಿಕ್ಕ ಮೇಜಿನ ಮೇಲಿರುವುದು ಹಲಗೆಗೆ ಅಂಟಿಸಿದ ಒಂದು ರಬ್ಬರ್ ಚರ್ಮ, ಅದರಿಂದ ಹೊರಬಂದ ಲೈನಿನ ಬಾಲಗಳು. ಸೋಂಕು ನಿಯಂತ್ರಣದ ಸಿಸ್ಟರ್ ಇಲ್ಲಿ ಗುರು. ಬಾಲದ ತುದಿಯ ಹಬ್‌ಗೆ ಅವರು ಒಂದು ಪುಡಿ ಸವರಿದ್ದಾರೆ, ಮಾಮೂಲು ಬೆಳಕಿನಲ್ಲಿ ಅದು ಕಾಣದು. ‘ಔಷಧಿ ಕೊಡಿ’ ಎಂದರು. ಹದಿನೈದು ವರ್ಷಕ್ಕೂ ಮೀರಿ ಐಸಿಯು ನೋಡಿರುವ ಹಿರಿಯ ಸಿಸ್ಟರ್ ಮುಂದೆ ಬಂದು ಸ್ಪಿರಿಟ್ ಸ್ವ್ಯಾಬಿನಿಂದ ಹಬ್ಬನ್ನು ಎರಡು ಸುತ್ತು ಒರೆಸಿ, ಸಿರಿಂಜು ಸಿಕ್ಕಿಸಿದರು. ಎಲ್ಲ ಚಕಚಕ ಮುಗಿಯಿತು. ಗುರು ಕಿಟಕಿಯ ಪರದೆ ಎಳೆದು ನೇರಳೆ ದೀಪ ಹಾಕಿದರು. ಹಬ್ಬಿನ ನೆತ್ತಿ ಸ್ವಚ್ಛವಾಗಿತ್ತು. ಅದರ ಸುತ್ತಿನ ತಿರುಪಿನ ಗೆರೆಗಳಲ್ಲಿ ಹಸಿರು ಬೆಳಕಿನ ಉಂಗುರ ಹಾಗೇ ಉಳಿದಿತ್ತು. ಸಿರಿಂಜಿನ ಬಾಯಲ್ಲೂ ಒಂದು ಚುಕ್ಕೆ.

ಹಿರಿಯ ಸಿಸ್ಟರ್ ಆ ಉಂಗುರವನ್ನು ಬಗ್ಗಿ ನೋಡಿದರು. ‘ದಿನಾ ಹೀಗೇ ಮಾಡ್ತೀವಲ್ಲ’ ಎಂದರು, ಯಾರಿಗೆ ಎಂದು ಹೇಳಲಾಗದು.

‘ಮಾಡ್ತೀವಿ. ಹದಿನೈದು ಸೆಕೆಂಡು ಮಾಡಲ್ಲ,’ ಎಂದು ಗುರು ಹೊಸ ಸ್ವ್ಯಾಬ್ ಬಿಡಿಸಿ ಹಬ್ಬಿಗೆ ಸುತ್ತಿದರು. ಹಿತ್ತಾಳೆ ಚೊಂಬಿನ ಕಂಠವನ್ನು ಅಜ್ಜಿಯರು ಹುಣಸೆಹಣ್ಣಿನಿಂದ ಹಿಡಿದು ತಿರುವುವಂತೆ ಒತ್ತಿ ತಿರುವಿದರು. ನೆತ್ತಿ, ಅಂಚು, ತಿರುಪು, ಮತ್ತೆ ನೆತ್ತಿ. ನಾವೆಲ್ಲ ಎಣಿಸುತ್ತಿದ್ದೆವು. ಹದಿನೈದು ಎನ್ನುವುದು ಅಲ್ಲಿ ನಿಂತು ಎಣಿಸಿದರೆ ಬಹಳ ದೀರ್ಘ. ಆಮೇಲೆ ಒಣಗಲು ಬಿಟ್ಟು, ದೀಪ ಹಾಕಿದಾಗ ಬೆಳಕಿನ ಉಂಗುರ ಇರಲಿಲ್ಲ. ನಾಲ್ವರೂ ಸರದಿಯ ಮೇಲೆ ಮಾಡಿದರು. ಹಿರಿಯ ಸಿಸ್ಟರ್ ಕೇಳದೆಯೇ ಮತ್ತೊಮ್ಮೆ ಮಾಡಿದರು.

ಷಿಕಾಗೋದ ತಂಡ ಈ ಚಿಕ್ಕ ಮೇಜನ್ನೂ ಕೈಬಿಡಲಿಲ್ಲ. 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು 49 ಐಸಿಯು ನರ್ಸುಗಳಿಗೆ ಐದು ಕೆಲಸಗಳ ಪರೀಕ್ಷೆ ಇಟ್ಟರು: ಔಷಧ ಕೊಡುವುದು, ಹಬ್ಬಿನ ಮುಚ್ಚಳ ಬದಲಿಸುವುದು, ಟ್ಯೂಬು ಬದಲಿಸುವುದು, ರಕ್ತ ತೆಗೆಯುವುದು, ಡ್ರೆಸಿಂಗ್ ಬದಲಿಸುವುದು. ಔಷಧ ಕೊಡುವ ಕೆಲಸದಲ್ಲಿ, ತರಬೇತಿಗೆ ಮುಂಚೆ, ಅನುಭವದ ವರ್ಷ ಹೆಚ್ಚಿದ್ದವರ ಅಂಕವೇ ಕಡಿಮೆ ಇತ್ತು. ಹಿರಿಯ ವೈದ್ಯರ ಪರೀಕ್ಷೆಯಲ್ಲಿ ಕಂಡದ್ದಕ್ಕೆ ಇದು ಹೊಂದುತ್ತದೆ. ಇದರಲ್ಲಿ ಯಾರ ಅಸಡ್ಡೆಯನ್ನೂ ನಾನು ಕಾಣಲಾರೆ. ನರ್ಸಿಂಗ್ ಕಾಲೇಜಿನಲ್ಲಿ ಒಮ್ಮೆ ಕಲಿತದ್ದನ್ನು ಯಾರೂ ಮತ್ತೆ ಎದುರು ಕೂತು ನೋಡಲಿಲ್ಲ, ತಿದ್ದಲಿಲ್ಲ. ಒಬ್ಬರಿಗೆ ಮೂರು ಹಾಸಿಗೆ ಬಿದ್ದ ರಾತ್ರಿಗಳಲ್ಲಿ ಹದಿನೈದು ಸೆಕೆಂಡು ಎಂಟಾಗಿ, ನಾಲ್ಕಾಗಿ, ಎರಡು ಸುತ್ತಿಗೆ ಬಂದು ನಿಲ್ಲುತ್ತದೆ.

ಮೇಜಿನ ಪಕ್ಕದ ಸ್ಟ್ಯಾಂಡಿನಲ್ಲಿ ಒಂದು ಸಲೈನ್ ಬಾಟಲಿ ತಲೆಕೆಳಗಾಗಿ ತೂಗುತ್ತಿದೆ. ಮೇಲಕ್ಕಾದ ಅದರ ತಳಕ್ಕೆ ಒಂದು ಸೂಜಿ ಚುಚ್ಚಿದೆ. ಕರ್ನಾಟಕದ ಯಾವ ವಾರ್ಡಿಗೆ ಹೋದರೂ ಈ ನೋಟ ಸಿಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಗಾಳಿ ಹೋಗದಿದ್ದರೆ ನೀರು ಇಳಿಯದು, ಅದಕ್ಕೆ ಈ ಉಪಾಯ. ‘ಇದರಿಂದ ಒಳಗೆ ಹೋಗೋ ಗಾಳಿ ಯಾವುದು?’ ಎಂದು ಗುರು ಕೇಳಿದರು. ವಾರ್ಡಿನದು. ಕೆಮ್ಮಿದವರದು, ಗುಡಿಸಿದ ಧೂಳಿನದು. ಆ ಸೂಜಿಯ ಕೆಳಗಿರುವ ನೀರು ಟ್ಯೂಬಿನಲ್ಲಿ ಇಳಿದು ಹೃದಯದ ಬಾಗಿಲು ಸೇರುತ್ತದೆ. ತಾನಾಗಿ ಕುಗ್ಗುವ ಮೆದು ಚೀಲಗಳಿವೆ, ಅವಕ್ಕೆ ಗಾಳಿ ಬೇಡ, ಬೆಲೆ ಹೆಚ್ಚು. ಖರೀದಿ ವಿಭಾಗದವರನ್ನೂ ಈ ಮೇಜಿನ ಮುಂದೆ ಒಂದು ಬೆಳಗ್ಗೆ ಕೂರಿಸಬೇಕೆಂದು ನನಗೆ ಬಲವಾಗಿ ಅನಿಸಿತು.

ಡ್ರೆಸಿಂಗಿನ ಪಾಠ ಇನ್ನೂ ಸೂಕ್ಷ್ಮ. ಪಾರದರ್ಶಕ ಹಾಳೆಯಾದರೆ ಏಳು ದಿನಕ್ಕೊಮ್ಮೆ, ಹತ್ತಿ ಬಟ್ಟೆಯದಾದರೆ ಎರಡು ದಿನಕ್ಕೊಮ್ಮೆ ಬದಲಿಸಬೇಕು. ಒದ್ದೆಯಾದರೆ, ಅಂಚು ಎದ್ದರೆ, ಆ ಕ್ಷಣವೇ. ಪುಸ್ತಕದ ಈ ಏಳು ದಿನ ಮಂಗಳೂರಿನ ಏಪ್ರಿಲ್ ಬೆವರಿನಲ್ಲಿ ನಡೆಯುವುದಿಲ್ಲ ಎಂದು ಕರಾವಳಿಯಿಂದ ಬಂದ ಸಿಸ್ಟರ್ ಹೇಳಿದರು. ಬಹಳ ಬೆವರುವವರಿಗೆ ಬಟ್ಟೆಯ ಡ್ರೆಸಿಂಗೇ ವಾಸಿ ಎಂದು ನಿಯಮವೂ ಹೇಳುತ್ತದೆ. ಹಳೆಯದನ್ನು ಬಿಡಿಸುವಾಗ ನಳಿಕೆಯ ಕಡೆಗೆ ಎಳೆಯಬೇಕು. ಆಚೆ ಕಡೆಗೆ ಎಳೆದರೆ ಲೈನೇ ಒಂದಿಷ್ಟು ಹೊರಬರುತ್ತದೆ. ಬಿಡಿಸುವ ಹೊತ್ತಿನಲ್ಲಿ ರೋಗಿಗೂ ಮಾಸ್ಕ್ ಹಾಕಬೇಕು, ಆಗದಿದ್ದರೆ ಮುಖ ಆಚೆ ತಿರುಗಿಸಬೇಕು. ಚರ್ಮ ಒಣಗುವ ಮುಂಚೆ ಹೊಸ ಹಾಳೆ ಅಂಟಿಸಿದರೆ ಒಳಗೆ ಬೊಬ್ಬೆ ಏಳುತ್ತದೆ. ಕೊನೆಗೆ ತಾರೀಖು ಬರೆಯಬೇಕು, ಹಾಳೆಯ ಅಂಚಿನ ಪಟ್ಟಿಯ ಮೇಲೆ, ಚರ್ಮ ಕಾಣುವ ಜಾಗ ಬಿಟ್ಟು. ಒಳಗೆ ಕೆಂಪಾಗಿದೆಯೇ, ಕೀವಿದೆಯೇ ಎಂದು ನೋಡಲೆಂದೇ ಅದು ಪಾರದರ್ಶಕವಾಗಿರುವುದು.

ಚಹಾ ಮುಗಿಸಿ ಬಂದವರನ್ನು ಮೇಡಂ ಈಗ ಚಿಕ್ಕ ಮೇಜಿಗೇ ಕರೆದರು. ಎರಡೂ ಗುಂಪು ಸೇರಿ ಮಾಡುವ ಪಾಠ ಇನ್ನೊಂದಿದೆ. ಇಡೀ ದಿನದಲ್ಲಿ ಅತಿ ಕಷ್ಟದ್ದು ಅದೇ ಎಂದು ನಾನು ಕಂಡುಕೊಂಡೆ. ಒಬ್ಬ ಪಿಜಿ ಲೈನ್ ಹಾಕಬೇಕು, ನಡುವೆ ಬೇಕೆಂದೇ ಒಂದು ತಪ್ಪು ಮಾಡಬೇಕು. ಪಟ್ಟಿ ಹಿಡಿದು ನಿಂತ ಸಿಸ್ಟರ್ ಅದನ್ನು ಕಂಡು ‘ನಿಲ್ಲಿಸಿ’ ಎನ್ನಬೇಕು.

ಇದರ ಮೂಲ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನದು. 2001ರಲ್ಲಿ ಅಲ್ಲಿನ ಪೀಟರ್ ಪ್ರೊನೊವೊಸ್ಟ್ ಐದು ಸಾಮಾನ್ಯ ಸಂಗತಿಗಳನ್ನು ಆರಿಸಿಕೊಂಡರು. ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್ ಬಳಸುವುದು, ರೋಗಿಯನ್ನು ಪೂರ್ತಿ ಮುಚ್ಚುವುದು, ಆದಷ್ಟೂ ತೊಡೆಯ ಸಂದಿ ಬಿಡುವುದು, ಬೇಡದ ಲೈನ್ ತೆಗೆಯುವುದು. ವೈದ್ಯರು ಹೆಜ್ಜೆಗಳನ್ನು ಪಾಲಿಸುತ್ತಾರೆಯೇ ಎಂದು ನರ್ಸುಗಳು ಒಂದು ತಿಂಗಳು ಗಮನಿಸಿದಾಗ, ಮೂರರಲ್ಲೊಂದು ಪಾಲಿಗೂ ಹೆಚ್ಚು ರೋಗಿಗಳಲ್ಲಿ ಒಂದಾದರೂ ಹೆಜ್ಜೆ ತಪ್ಪಿತ್ತು. ಆಮೇಲೆ ಆಡಳಿತದವರು ನರ್ಸುಗಳಿಗೆ ಅಧಿಕಾರ ಕೊಟ್ಟರು: ಹೆಜ್ಜೆ ತಪ್ಪಿದರೆ ವೈದ್ಯರನ್ನು ತಡೆಯಿರಿ, ನಾವು ನಿಮ್ಮ ಹಿಂದಿದ್ದೇವೆ. ಅದೇ ಕ್ರಮ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಿಗೆ ಹೋಯಿತು. 2006ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸರಾಸರಿ ಸೋಂಕು ಸಾವಿರ ಲೈನ್-ದಿನಕ್ಕೆ 7.7ರಿಂದ ಒಂದೂವರೆ ವರ್ಷದೊಳಗೆ 1.4ಕ್ಕೆ ಇಳಿದಿತ್ತು. ಜಗತ್ತು ಆ ಪಟ್ಟಿಯನ್ನು ನಕಲು ಮಾಡಿತು. ‘ನಿಮ್ಮ ಹಿಂದಿದ್ದೇವೆ’ ಎಂಬ ಮಾತನ್ನು ನಕಲು ಮಾಡುವುದು ಅಷ್ಟು ಸುಲಭವಲ್ಲ.

ಸರ್ಜರಿಯ ಹುಡುಗ ಗ್ಲೌಸು ಹಾಕಿದ ಕೈಯಿಂದ ಮಾಸ್ಕ್ ಸರಿಪಡಿಸಿಕೊಂಡ. ಅದೇ ತಪ್ಪು. ಪಟ್ಟಿ ಹಿಡಿದ ಕಿರಿಯ ಸಿಸ್ಟರ್ ನೋಡಿದರು. ತುಟಿ ಅಲುಗಿತು, ಮಾತು ಬರಲಿಲ್ಲ. ಆಟವೆಂದು ಇಬ್ಬರಿಗೂ ಗೊತ್ತು, ತಪ್ಪು ಬೇಕೆಂದೇ ಮಾಡಿದ್ದೂ ಗೊತ್ತು. ಆದರೂ ಬರಲಿಲ್ಲ. ಸೂಜಿ ಚರ್ಮ ಮುಟ್ಟುವ ಹೊತ್ತಿಗೆ, ‘ಸರ್, ಅದು... ಗ್ಲೌಸ್...’ ಎಂದರು. ಮೇಡಂ ಆಟ ನಿಲ್ಲಿಸಿದರು. ‘ಅವನ ಹೆಸರು ಹಿಡಿದು ಕರೀಬೇಡಿ, ಸರ್ ಅಂತಲೇ ಅನ್ನಿ. ಆದರೆ ಮೊದಲ ಪದ ನಿಲ್ಲಿಸಿ ಅಂತಿರಲಿ. ಕಾರಣ ಆಮೇಲೆ.’ ಹುಡುಗನ ಕಡೆ ತಿರುಗಿ, ‘ನಿನ್ನ ಉತ್ತರ ಒಂದೇ: ಥ್ಯಾಂಕ್ಯೂ ಸಿಸ್ಟರ್. ಗ್ಲೌಸ್ ಬದಲಿಸು. ಮುಖ ಗಂಟು ಹಾಕಿಕೊಂಡರೆ ಫೇಲ್.’ ಎರಡನೆಯ ಸಲ ‘ನಿಲ್ಲಿಸಿ ಸರ್’ ಸ್ವಲ್ಪ ಬೇಗ ಬಂತು. ಮೂರನೆಯ ಸಲ ಆ ದನಿಗೆ ಪಕ್ಕದ ಟೆಕ್ನಿಷಿಯನ್ ಬಲ್ಬ್ ಹಿಚುಕುವುದನ್ನೇ ಬಿಟ್ಟರು.

ವೈದ್ಯರೂ ನರ್ಸುಗಳೂ ಒಂದೇ ಕೋಣೆಯಲ್ಲಿ ಕಲಿಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯವಾದದ್ದು ಅಲ್ಲಿ. ಪಿಜಿಗಳಿಗೆ ಇಡೀ ದಿನ, ಸಿಸ್ಟರುಗಳಿಗೆ ಪಾಳಿ ಮುಗಿದ ಮೇಲಿನ ಎರಡು ಗಂಟೆ, ಅದೂ ಅವರ ನಿದ್ದೆಯಿಂದ ಕದ್ದದ್ದು. ಈ ಅಳತೆ ಬದಲಾಗಬೇಕು. ತರಬೇತಿಯ ಹೊತ್ತು ಪಾಳಿಯ ಹೊತ್ತಿನೊಳಗೇ ಬರಬೇಕು. ಆ ಹೊತ್ತಿಗೆ ಅವರ ಹಾಸಿಗೆಗಳನ್ನು ನೋಡಲು ಇನ್ನೊಬ್ಬರನ್ನು ಹಾಕಬೇಕು. ಐದು ಕೆಲಸಗಳ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಬರಬೇಕು, ಹಿರಿಯರನ್ನೂ ಸೇರಿಸಿಕೊಂಡು.

ಮಧ್ಯಾಹ್ನದ ಮೇಲೆ ಕೊನೆಯ ಪಾಠ, ಮೇಲಿನ ಮಹಡಿಯ ಐಸಿಯುನಲ್ಲೇ. ಮೂರನೆಯ ಹಾಸಿಗೆಯ ಕಾಲದೆಸೆಯಲ್ಲಿ ತೂಗುಬಿಟ್ಟ ಹಾಳೆಯ ಮೇಲೆ ‘ಲೈನ್ ದಿನ: 6’ ಎಂದಿದೆ. ಬೆಳಗ್ಗೆ ದೊಡ್ಡ ಮೇಜಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಹುಡುಗಿಯನ್ನು ಹಿರಿಯ ಸಿಸ್ಟರ್ ಕೇಳಿದರು, ‘ಡಾಕ್ಟ್ರೇ, ಈ ಲೈನ್ ಇವತ್ತು ಬೇಕಾ?’ ದಿನಾ ಕೇಳಬೇಕಾದ ಪ್ರಶ್ನೆ ಇದು. ಹುಡುಗಿ ಚಾರ್ಟ್ ತಿರುವಿದಳು. ನಾರ್‌ಅಡ್ರಿನಲಿನ್ ನಿನ್ನೆ ಬೆಳಗ್ಗೆಯೇ ನಿಂತಿದೆ. ಉಳಿದದ್ದು ಒಂದು ಆಂಟಿಬಯಾಟಿಕ್, ಅದು ಕೈಯ ನಾಳಕ್ಕೂ ಆಗುತ್ತದೆ. ರೋಗಿ ಗಂಜಿ ಕುಡಿಯುತ್ತಿದ್ದಾರೆ. ‘ಬೇಡ. ತೆಗೆಯೋಣ.’

ತೆಗೆಯುವುದಕ್ಕೂ ಒಂದು ರೀತಿ ಇದೆ. ಕೂತ ರೋಗಿಯ ಕುತ್ತಿಗೆಯಿಂದ ಲೈನ್ ಎಳೆದರೆ, ಅವರು ಉಸಿರೆಳೆದ ಕ್ಷಣ ಆ ರಂಧ್ರದಿಂದ ಗಾಳಿ ನಾಳದೊಳಗೆ ನುಗ್ಗಬಹುದು. ಅದು ಪ್ರಾಣಕ್ಕೇ ಅಪಾಯ. ಹಾಗಾಗಿ ಹಾಸಿಗೆಯ ತಲೆಭಾಗ ತಗ್ಗಿಸಿದರು. ಹೊಲಿಗೆ ಕತ್ತರಿಸಿದರು. ‘ಯಜಮಾನ್ರೇ, ಉಸಿರು ಹೊರಗೆ ಬಿಡಿ, ಹಾಗೇ ಹಿಡ್ಕೊಳ್ಳಿ,’ ಎಂದು ಹುಡುಗಿ ಹೇಳುತ್ತಲೇ ನಳಿಕೆ ಹೊರಬಂತು. ಗಾಜ್ ಇಟ್ಟು ಐದು ನಿಮಿಷ ಒತ್ತಿ ಹಿಡಿದಳು, ಗಾಳಿಯಾಡದ ಡ್ರೆಸಿಂಗ್ ಹಾಕಿದಳು. ತೆಗೆದ ನಳಿಕೆಯ ತುದಿ ಮುರಿದಿಲ್ಲ, ಉದ್ದ ಸರಿಯಿದೆ ಎಂದು ಸಿಸ್ಟರ್ ನೋಡಿ ಬರೆದುಕೊಂಡರು. ರೋಗಿ ಅರ್ಧ ಗಂಟೆ ಎದ್ದು ಕೂರುವಂತಿಲ್ಲ ಎಂದು ಅವರ ಮಗನಿಗೂ ಹೇಳಿದ್ದಾಯಿತು.

ಎಂಟನೆಯ ಹಾಸಿಗೆಯ ಲೈನಿಗೆ ಹನ್ನೊಂದನೇ ದಿನ. ಆ ರೋಗಿಗೆ ಡಯಾಲಿಸಿಸ್ ನಡೆಯುತ್ತಿದೆ, ಲೈನ್ ಇರಲೇಬೇಕು. ಡ್ರೆಸಿಂಗಿನ ಒಂದು ಅಂಚು ಮಾತ್ರ ಬೆವರಿಗೆ ಎದ್ದಿತ್ತು. ಹಿರಿಯ ಸಿಸ್ಟರ್ ಹೊಸ ಕಿಟ್ ತರಲು ಹೇಳಿ ಕಳಿಸಿ, ಪಕ್ಕದಲ್ಲಿ ನಿಂತಿದ್ದ ಸರ್ಜರಿಯ ಹುಡುಗನಿಗೆ ಮಾಸ್ಕ್ ಕಟ್ಟಿಕೊಳ್ಳಿ ಎಂದರು.